ಹೈಬೀಮ್‌ಗೆ ಕೈ ಹಾಕೋ ಮುಂಚೆ ಲೋಬೀಮ್ ಸರಿ ಮಾಡ್ಸಿ: ಎಚ್4 ರಿಲೇ ಕಿಟ್ ಹಾಕ್ಸಿದ್ಮೇಲೆ ನನ್ನ ಅನಿಸಿಕೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಎಲ್‌ಇಡಿ ಬಲ್ಬ್ ರಿವ್ಯೂ ಅಲ್ಲ. ಎಚ್4 ಹ್ಯಾಲೋಜನ್ ಬಲ್ಬ್ (ಲೋಬೀಮ್, ಹೈಬೀಮ್ ಎರಡರ ತಂತೀನೂ ಒಂದೇ ಬಲ್ಬಲ್ಲಿ ಇರೋದು) ಇರೋ ಹಳೇ ಗಾಡಿಗಳಿಗೆ ಹಾಕೋ ರಿಲೇ ವೈರಿಂಗ್ ಕಿಟ್ಟು (ರಿಲೇ ಅಂದ್ರೆ ಸಣ್ಣ ಕರೆಂಟಿನ ಸಿಗ್ನಲ್ಲಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್ಚು), ಅದನ್ನ ಫಿಟ್ ಮಾಡ್ಕೊಟ್ಟ ಅಂಗಡಿ, ಅದಾದ್ಮೇಲೆ ರಾತ್ರಿ ಡ್ರೈವಿಂಗ್ ಹೆಂಗಿದೆ, ಇಷ್ಟರ ಬಗ್ಗೆ. ನಮ್ಮದು 2014ರ ವ್ಯಾಗನ್ ಆರ್, ಬೆಂಗ್ಳೂರಲ್ಲಿ ಆಫೀಸಿಗೆ ಓಡತ್ತೆ, ಹಬ್ಬ ಹರಿದಿನ ಬಂದ್ರೆ ಹೆಂಡ್ತಿ ಊರು ಉಜಿರೆಗೆ. ಅಂದ್ರೆ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ. ಹಾಸನದ ತನಕ ನಡುವೆ ಡಿವೈಡರ್ ಇರೋ ರೋಡು, ಎದುರಿನ ಲೈಟು ಅಷ್ಟಾಗಿ ಕಾಡಲ್ಲ. ಬೇಲೂರು ದಾಟಿದ್ರೆ ಎರಡೇ ಲೇನು, ಎರಡೂ ಕಡೆ ಕಾಫಿ ತೋಟ, ಬೀದಿದೀಪ ಅನ್ನೋದು ಊರೊಳಗೆ ಮಾತ್ರ, ನಿಮ್ಮ ಹೆಡ್‌ಲೈಟ್ ಎಷ್ಟು ಯೋಗ್ಯತೆದು ಅಂತ ಅಲ್ಲೇ ಗೊತ್ತಾಗೋದು.

ಈ ಗಾಡಿ ಲೋಬೀಮ್ (ಡಿಮ್ ಲೈಟು) ಬಗ್ಗೆ ಹೇಳೋಕೇನೂ ಇರ್ಲಿಲ್ಲ, ಯಾಕಂದ್ರೆ ಬೆಳಕೇ ಇರ್ಲಿಲ್ಲ. ಬಾನೆಟ್ ಮುಂದೆ ಒಂದು ಹಳದಿ ಮಚ್ಚೆ, ಅದರಾಚೆ ಕತ್ಲೆ. ಮಳೆ ಬಂದು ಟಾರು ಒದ್ದೆ ಆದ್ರೆ ಆ ಮಚ್ಚೇನೂ ಮಾಯ. ಹಿಂಗಿದ್ದಾಗ ಮನುಷ್ಯ ಏನ್ ಮಾಡ್ತಾನೆ, ಸ್ಟಿಯರಿಂಗ್ ಪಕ್ಕದ ಕಡ್ಡಿ ತಳ್ಳಿ ಹೈಬೀಮ್ ಹಾಕ್ತಾನೆ, ಎದುರಿಗೆ ಗಾಡಿ ಬಂದ್ರೂ ಡಿಮ್ ಮಾಡೋಕೆ ಧೈರ್ಯ ಬರಲ್ಲ, ಯಾಕಂದ್ರೆ ಡಿಮ್ ಮಾಡಿದ ಕ್ಷಣ ರೋಡಿನ ಅಂಚು ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ನಮ್ಮ ರೋಡಲ್ಲಿ ಎಲ್ರೂ ಹೈಬೀಮಲ್ಲೇ ಬರ್ತಾರೆ, ಸಂಸ್ಕಾರ ಇಲ್ಲ ಅಂತ ಬೈಯ್ಯೋರು ಬಹಳ ಜನ ಇದಾರೆ, ನಾನೂ ಬೈತೀನಿ. ಆದ್ರೆ ಅದರಲ್ಲಿ ಅರ್ಧಕ್ಕರ್ಧ ಜನದ್ದು ಕೊಬ್ಬಲ್ಲ ಗುರು, ಲೋಬೀಮಲ್ಲಿ ಅವ್ರಿಗೆ ಕಾಣ್ತಾ ಇಲ್ಲ ಅಷ್ಟೇ ಅಂತ ನನಗನ್ಸತ್ತೆ. ಹಾಗಾಗಿ ಮೊದ್ಲು ಸರಿ ಮಾಡ್ಬೇಕಿರೋದು ಹೈಬೀಮ್ ಅಲ್ಲ, ಲೋಬೀಮ್.

ಲೋಬೀಮ್ ಯಾಕೆ ಹಿಂಗಾಗತ್ತೆ ಅನ್ನೋದು ತಿಳ್ಕೊಂಡ್ರೆ ಈ ಕಿಟ್ ಏನ್ ಮಾಡತ್ತೆ ಅಂತ ಅರ್ಥ ಆಗತ್ತೆ. ಹಳೇ ಗಾಡಿ ಎಷ್ಟೋದ್ರಲ್ಲಿ ಹೆಡ್‌ಲೈಟ್ ಕರೆಂಟು ಬ್ಯಾಟರಿಯಿಂದ ಫ್ಯೂಸಿಗೆ, ಅಲ್ಲಿಂದ ಸ್ಟಿಯರಿಂಗ್ ಹತ್ರ ಇರೋ ಕಾಂಬಿನೇಷನ್ ಸ್ವಿಚ್ಚಿಗೆ, ಅಲ್ಲಿಂದ ವಾಪಸ್ ಸಣ್ಣ ವೈರಲ್ಲಿ ಬಲ್ಬಿಗೆ ಹೋಗತ್ತೆ. ಅಷ್ಟುದ್ದದ ವೈರು, ಸವೆದಿರೋ ಸ್ವಿಚ್ಚು, ಕಿಲುಬು ಹಿಡಿದ ಹೋಲ್ಡರ್, ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ವೋಲ್ಟೇಜ್ ಉದುರ್ತಾ ಹೋಗತ್ತೆ. ಮಲ್ಟಿಮೀಟರ್ ಇಟ್ಟು ನೋಡಿದೆ, ಎಂಜಿನ್ ಆನ್ ಇದ್ದಾಗ ಬ್ಯಾಟರಿ ಹತ್ರ 14.1 ವೋಲ್ಟ್, ಬಲ್ಬ್ ಹೋಲ್ಡರ್ ಹತ್ರ ಲೈಟ್ ಉರೀತಿರುವಾಗ 12.4. ಇಷ್ಟೇನಾ ಅನ್ಸಬಹುದು, ಆದ್ರೆ ಹ್ಯಾಲೋಜನ್ ಬಲ್ಬಿನ ಸ್ವಭಾವ ಏನಂದ್ರೆ ವೋಲ್ಟೇಜ್ 10 ಪರ್ಸೆಂಟ್ ಕಮ್ಮಿ ಆದ್ರೆ ಬೆಳಕು ಹತ್ತಿರ ಹತ್ತಿರ 30 ಪರ್ಸೆಂಟ್ ಕಮ್ಮಿ ಆಗತ್ತೆ. ಎಚ್4 60/55 ವ್ಯಾಟ್ (ಹೈಬೀಮಿಗೆ 60, ಲೋಬೀಮಿಗೆ 55) ಬಲ್ಬಿಗೆ ಲೋಬೀಮಲ್ಲಿ ಸುಮಾರು 1000 ಲ್ಯೂಮೆನ್ (ಬೆಳಕಿನ ಅಳತೆ), ಹೈಬೀಮಲ್ಲಿ 1650 ಅಂತ ಲೆಕ್ಕ, ಅದೂ 13.2 ವೋಲ್ಟ್ ಸಿಕ್ಕಾಗ. ನಮ್ಮ ಗಾಡಿಗೆ ಅಷ್ಟು ಸಿಗ್ತಾನೇ ಇರ್ಲಿಲ್ಲ, ಬಲ್ಬನ್ನ ಬೈದು ಏನ್ ಪ್ರಯೋಜನ.

ಕಿಟ್ಟಲ್ಲಿ ಇರೋದು ಇಷ್ಟು. ಲೋಬೀಮಿಗೊಂದು ಹೈಬೀಮಿಗೊಂದು ಅಂತ ಎರಡು ರಿಲೇ, ದಪ್ಪ ವೈರು, ಫ್ಯೂಸ್ ಹೋಲ್ಡರ್, ಬಲ್ಬಿಗೆ ಸಿಕ್ಕಿಸೋಕೆ ಎರಡು ಸೆರಾಮಿಕ್ ಹೋಲ್ಡರ್. ಗಾಡಿಯ ಹಳೇ ಹೋಲ್ಡರ್ ಬಿಚ್ಚಿ ಅದನ್ನ ಕಿಟ್ಟಿನ ಪ್ಲಗ್ಗಿಗೆ ಸಿಕ್ಕಿಸಿದ್ರೆ ಆಯ್ತು, ಹಳೇ ವೈರಿಂಗು ಇನ್ಮೇಲೆ ರಿಲೇಗೆ ಸಿಗ್ನಲ್ ಕೊಡೋ ಕೆಲಸ ಮಾತ್ರ ಮಾಡತ್ತೆ, ಬಲ್ಬಿಗೆ ಬೇಕಾದ ಕರೆಂಟು ಬ್ಯಾಟರಿಯಿಂದ ನೇರ ದಪ್ಪ ವೈರಲ್ಲಿ ಬರತ್ತೆ. ಒಂದೇ ಒಂದು ವೈರು ಕತ್ತರಿಸೋ ಹಂಗಿಲ್ಲ. ಅಂಗಡಿಯವ್ರು ಇಲ್ಲಿ ಕಟ್ ಮಾಡಿ ಟೇಪ್ ಸುತ್ತಿಬಿಡ್ತೀನಿ ಸಾರ್ ಅಂದ್ರೆ ಕಿಟ್ ಎತ್ಕೊಂಡು ಬೇರೆ ಅಂಗಡಿಗೆ ಹೋಗಿ.

ನಾನು ಹಾಕ್ಸಿದ್ದು ಬೆಂಗ್ಳೂರಿನ ಜೆ.ಸಿ. ರೋಡಲ್ಲಿ. ಅಂಗಡಿ ಹೆಸರು ಬೇಡ, ಬಿಡಿ, ಯಾಕೆ ಅಂತ ಮುಂದೆ ಓದಿದ್ರೆ ಗೊತ್ತಾಗತ್ತೆ. ಹೋಗಿ ನಿಂತ ತಕ್ಷಣ ಕೌಂಟರ್‌ನವನು ಎಲ್‌ಇಡಿ ಡಬ್ಬಿ ತೆಗೆದಿಟ್ಟ. "ಸಾರ್, ರಿಲೇ ಎಲ್ಲಾ ಯಾರ್ ಹಾಕ್ಸ್ತಾರೆ ಈಗ, ಇದು ಹಾಕ್ಸಿ ಸಾರ್, ಫುಲ್ ವೈಟು, ಹಗಲು ಥರ ಇರತ್ತೆ." ನನಗೆ ಹಗಲು ಬೇಡಣ್ಣ, ರೋಡು ಕಂಡ್ರೆ ಸಾಕು ಅಂದೆ. ಆಮೇಲೆ 100/90 ವ್ಯಾಟಿನ ಬಲ್ಬ್ ತೋರಿಸ್ದ. ಅದೂ ಬೇಡ ಅಂದೆ. ಅದು ರೋಡಿಗೆ ಲೀಗಲ್ ಅಲ್ಲ, ಆ ಬಿಸಿಗೆ ಪ್ಲಾಸ್ಟಿಕ್ ಹೋಲ್ಡರ್ ಕರಗತ್ತೆ, ಹೆಡ್‌ಲೈಟ್ ಒಳಗೆ ಕನ್ನಡಿ ಥರ ಹೊಳೆಯೋ ರಿಫ್ಲೆಕ್ಟರಿನ ಪಾಲಿಶ್ ಹಾಳಾಗತ್ತೆ, ಎದುರಿನವನ ಕಣ್ಣಂತೂ ಕೇಳ್ಬೇಡಿ. ಕೊನೆಗೆ ಮಾಮೂಲಿ 60/55 ಹೊಸ ಬಲ್ಬ್ ಒಂದು ಜೊತೆ, ಕಿಟ್ಟು, ಲೇಬರ್, ಎಲ್ಲಾ ಸೇರಿ ಮೂರು ಸಾವಿರದ ಒಳಗೇ ಆಯ್ತು.

ಫಿಟ್ಟಿಂಗ್ ಮಾಡಿದ ಹುಡುಗ ಚುರುಕು, ಅದನ್ನ ಒಪ್ಕೋಬೇಕು. ಬ್ಯಾಟರಿ ಟರ್ಮಿನಲ್ ಬಿಚ್ಚಿಯೇ ಕೆಲಸ ಶುರು ಮಾಡ್ದ, ಬಲ್ಬಿನ ಗಾಜು ಬರಿಗೈಲಿ ಮುಟ್ಟಲಿಲ್ಲ (ಬೆರಳಿನ ಎಣ್ಣೆ ಅಂಟಿದ್ರೆ ಆ ಜಾಗ ಬಿಸಿಯಾಗಿ ಬಲ್ಬ್ ಬೇಗ ಹೋಗತ್ತೆ). ಹಳೇ ಹೋಲ್ಡರ್ ಕೈಗೆ ಕೊಟ್ಟು ನೋಡಿ ಸಾರ್ ಅಂದ, ಬಿಳಿ ಇರಬೇಕಾದ ಪ್ಲಾಸ್ಟಿಕ್ಕು ಒಂದು ಪಿನ್ ಸುತ್ತ ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿ ಉದುರ್ತಾ ಇತ್ತು, ಮೂಸಿದ್ರೆ ಸುಟ್ಟ ವಾಸನೆ. ರಿಲೇ ಎರಡನ್ನೂ ಬ್ಯಾಟರಿ ಪಕ್ಕ ಬ್ರಾಕೆಟ್ಟಿಗೆ ಬೋಲ್ಟ್ ಮಾಡ್ದ. ಈಗ ಲೈಟ್ ಹಾಕಿದ್ರೆ ಬಾನೆಟ್ ಒಳಗಿಂದ ಸಣ್ಣಗೆ ಟಿಕ್ ಅನ್ನತ್ತೆ, ಹೈಬೀಮಿಗೆ ಇನ್ನೊಂದು ಟಿಕ್. ಮೀಟರ್ ಹಿಡಿದ್ರೆ ಬಲ್ಬ್ ಹತ್ರ 13.7. ಕೊಟ್ಟ ದುಡ್ಡು ಅಲ್ಲೇ ವಸೂಲಿ ಅನ್ನಿಸ್ತು.

ಗಲಾಟೆ ಶುರುವಾಗಿದ್ದು ಸೆಟ್ಟಿಂಗಲ್ಲಿ. ಹೊಸ ಬಲ್ಬ್ ಹಾಕಿದ್ಮೇಲೆ ಬೀಮ್ ಎತ್ತರ ನೋಡಿ ಹೊಂದಿಸ್ಬೇಕು, ಹೆಡ್‌ಲೈಟ್ ಹಿಂದೆ ಸ್ಕ್ರೂ ಇರತ್ತೆ. ಆ ಹುಡುಗ ಬಂದು, "ದೂರ ಹೊಡೀಬೇಕಾ ಸಾರ್?" ಅಂತ ಕೇಳಿ ನಾನು ಬಾಯಿ ಬಿಡೋ ಮುಂಚೆ ಎರಡೂ ಕಡೆ ಸ್ಕ್ರೂ ತಿರುಗಿಸಿ ಎತ್ತಿಬಿಟ್ಟ. ಎದುರು ಅಂಗಡಿ ಬೋರ್ಡ್ ಮೇಲೆ ಬೆಳಕು ಬಿತ್ತು, ಲೋಬೀಮಲ್ಲೇ! ಸೂಪರ್ ಸಾರ್ ಅಂತಾನೆ. ಕಸ್ಟಮರ್ ಖುಷಿ ಆಗ್ಲಿ ಅಂತ ಇವ್ರು ಬಂದ ಗಾಡಿಗೆಲ್ಲಾ ಹಿಂಗೇ ಮಾಡಿ ಕಳಿಸ್ತಾರೋ ಏನೋ, ಹಾಗಿದ್ರೆ ಊರಲ್ಲಿ ಅರ್ಧ ಗಾಡಿ ಲೋಬೀಮೇ ಹೈಬೀಮ್ ಆಗಿ ಓಡಾಡ್ತಿರೋದ್ರಲ್ಲಿ ಆಶ್ಚರ್ಯ ಏನಿದೆ. ಗೋಡೆ ಮುಂದೆ ನಿಲ್ಸಿ ಅಳತೆ ತಗೊಂಡು ಮಾಡಣ್ಣ ಅಂದ್ರೆ ಓನರ್ ಬಂದು, ಅದಕ್ಕೆಲ್ಲಾ ಟೈಮಿಲ್ಲ ಸಾರ್, ನಮ್ಮದು ಇಷ್ಟು ವರ್ಷದ ಎಕ್ಸ್‌ಪೀರಿಯನ್ಸು, ಕಣ್ಣಳತೆ ಸಾಕು ಅಂದ್ರು. ವೈರಿಂಗಿಗೆ ನೂರಕ್ಕೆ ತೊಂಬತ್ತು ಕೊಡ್ತೀನಿ, ಸೆಟ್ಟಿಂಗಿಗೆ ಸೊನ್ನೆ.

ಮನೆಗೆ ಬಂದು ಬೇಸ್‌ಮೆಂಟಲ್ಲಿ ನಾನೇ ಮಾಡ್ಕೊಂಡೆ, ಯಾರು ಬೇಕಾದ್ರೂ ಮಾಡಬಹುದು. ನೆಲ ಸಮತಟ್ಟಾಗಿರ್ಬೇಕು, ಟಯರಲ್ಲಿ ಸರಿಯಾದ ಗಾಳಿ ಇರ್ಬೇಕು, ಡ್ರೈವರ್ ಸೀಟಲ್ಲಿ ಯಾರಾದ್ರೂ ಕೂತಿರ್ಬೇಕು (ನಮ್ಮ ಮನೆಯವ್ರನ್ನ ಕೂರಿಸಿದ್ದೆ, ಇನ್ನೂ ಎಷ್ಟೊತ್ತು ಅಂತ ಬೈಸ್ಕೊಂಡಿದ್ದೂ ಆಯ್ತು). ನೆಲದಿಂದ ಬಲ್ಬಿನ ಮಧ್ಯಕ್ಕೆ ಎಷ್ಟು ಎತ್ತರ ಅಂತ ಅಳೀರಿ, ಗೋಡೆ ಮೇಲೆ ಅಷ್ಟೇ ಎತ್ತರಕ್ಕೆ ಒಂದು ಟೇಪ್ ಅಂಟಿಸಿ. ಹೆಡ್‌ಲೈಟು ಗೋಡೆಯಿಂದ 5 ಮೀಟರ್ ದೂರ ಇರೋ ಹಾಗೆ ಗಾಡಿ ನಿಲ್ಸಿ ಲೋಬೀಮ್ ಹಾಕಿದ್ರೆ ಬೆಳಕಿನ ಮೇಲಂಚು ಆ ಟೇಪಿಗಿಂತ 5, 6 ಸೆಂಟಿಮೀಟರ್ ಕೆಳಗೆ ಬೀಳ್ಬೇಕು. ಅಂದ್ರೆ 1 ಪರ್ಸೆಂಟ್ ಇಳಿಜಾರು. ಲೈಟು 65 ಸೆಂಟಿಮೀಟರ್ ಎತ್ತರದಲ್ಲಿದ್ರೆ ಬೀಮಿನ ಅಂಚು ರೋಡನ್ನ ಮುಟ್ಟೋದು 65 ಮೀಟರ್ ದೂರದಲ್ಲಿ. ಗೋಡೆ ಮೇಲೆ ಇನ್ನೊಂದು ನೋಡಿ, ಅಂಚು ಪೂರ್ತಿ ನೇರ ಇರಲ್ಲ, ಎಡಗಡೆ ಸ್ವಲ್ಪ ಮೇಲಕ್ಕೆ ಹೋಗಿರತ್ತೆ. ನಾವು ಎಡಗಡೆ ಓಡಿಸೋರಲ್ವಾ, ಎಡ ಅಂಚು, ಫುಟ್‌ಪಾತು, ಬೋರ್ಡು ಕಾಣ್ಲಿ, ಬಲಕ್ಕೆ ಬರೋನ ಕಣ್ಣಿಗೆ ಹೊಡೀದೇ ಇರ್ಲಿ ಅಂತ ಹಂಗೆ ಮಾಡಿರ್ತಾರೆ.

ಎಲ್‌ಇಡಿ ಬೇಡ ಅಂದಿದ್ದು ಸರಿ ಅಂತ ಗೊತ್ತಾಗಿದ್ದೂ ಇದೇ ಗೋಡೆ ಮುಂದೆ. ನಮ್ಮ ಭಾವನ ಗಾಡಿಗೆ ಆನ್‌ಲೈನಲ್ಲಿ ತರಿಸಿದ ಎಲ್‌ಇಡಿ ಬಲ್ಬ್ ಇದೆ, ಅದನ್ನೂ ಅದೇ ಜಾಗದಲ್ಲಿ ನಿಲ್ಸಿದ್ವಿ. ನನ್ನ ಗಾಡಿದು ಗೆರೆ ಹಾಕಿದಂಗೆ ಅಂಚು, ಅವ್ರದ್ದು ಬೆಳ್ಳಗೆ ಗೋಡೆ ತುಂಬಾ, ಮೇಲೆ ಸ್ಪ್ರಿಂಕ್ಲರ್ ಪೈಪ್ ತನಕ. ಎಚ್4 ಬಲ್ಬಲ್ಲಿ ಲೋಬೀಮ್ ತಂತಿ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರತ್ತೆ, ಅದು ಬೆಳಕನ್ನ ರಿಫ್ಲೆಕ್ಟರಿನ ಕೆಳಭಾಗಕ್ಕೆ ಹೋಗದಂಗೆ ತಡೆಯತ್ತೆ, ಅದಕ್ಕೇ ಬೀಮಿಗೆ ಅಂಚು ಬರೋದು. ರಿಫ್ಲೆಕ್ಟರ್ ಆಕಾರ ಲೆಕ್ಕ ಹಾಕಿರೋದೇ ಆ ತಂತಿ ಅದೇ ಮಿಲಿಮೀಟರಲ್ಲಿ ಇರತ್ತೆ ಅಂತ. ಎಲ್‌ಇಡಿ ಚಿಪ್ ಕೂರೋ ಜಾಗ ಬೇರೆ, ಅಗಲ ಬೇರೆ, ಬೆಳಕು ಎಲ್ಲೆಲ್ಲಿಗೋ ಹೋಗತ್ತೆ. ಭಾವ ಒಪ್ಪಲ್ಲ, "ನೋಡಪ್ಪಾ, ನಂಗೆ ಚೆನ್ನಾಗ್ ಕಾಣತ್ತೆ, ಅಷ್ಟು ಸಾಕು" ಅಂತಾರೆ. ಬಾನೆಟ್ ಮುಂದಿನ ಹದಿನೈದಿಪ್ಪತ್ತು ಅಡಿ ಬೆಳ್ಳಗೆ ಬೆಳಗೋದ್ರಿಂದ ಕಣ್ಣಿಗೆ ಎಲ್ಲಾ ಕಾಣ್ತಿದೆ ಅನ್ನೋ ಭ್ರಮೆ ಬರತ್ತೆ, ಆದ್ರೆ ಅದೇ ಬೆಳಕಿಗೆ ಪಾಪೆ ಚಿಕ್ಕದಾಗಿ ದೂರದ ಕತ್ಲೆ ಇನ್ನೂ ಕತ್ಲೆ ಆಗತ್ತೆ. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದಿರೋ ಗಾಡಿ ವಿಷಯ ಬೇರೆ, ಅದರ ಲೆನ್ಸು, ರಿಫ್ಲೆಕ್ಟರ್ ಎಲ್ಲಾ ಅದಕ್ಕೇ ಅಂತ ಮಾಡಿರೋದು. ನಮ್ಮ ರಾಜ್ಯದಲ್ಲಿ 2024ರ ಜುಲೈಯಿಂದ ಕಣ್ಣು ಕುಕ್ಕೋ ಲೈಟ್ ಹಾಕ್ಕೊಂಡವ್ರ ಮೇಲೆ ಮೋಟಾರ್ ವಾಹನ ಕಾಯ್ದೆ ಸೆಕ್ಷನ್ 177ರಲ್ಲಿ ಕೇಸ್ ಹಾಕೋಕೆ ಪೊಲೀಸ್ರು ಡ್ರೈವ್ ಶುರು ಮಾಡಿದ್ರು. ದಂಡ ಮೊದಲ ಸಲಕ್ಕೆ 500 ರೂಪಾಯಿ, ಅಷ್ಟಕ್ಕೆ ಯಾರು ಹೆದರ್ತಾರೆ ಹೇಳಿ.

ಈಗ ರೋಡಲ್ಲಿ ಹೆಂಗಿದೆ. ಬೇಲೂರು ಮೂಡಿಗೆರೆ ನಡುವೆ ರಾತ್ರಿ ಹತ್ತು ಗಂಟೆ ಮೇಲೆ ಓಡಿಸಿದಾಗ ಗೊತ್ತಾಗಿದ್ದು, ಲೋಬೀಮಲ್ಲೇ ಎಡಗಡೆ ಬಿಳಿ ಪಟ್ಟಿ ಚೆನ್ನಾಗಿ ಕಾಣತ್ತೆ, ಅಂಚಲ್ಲಿ ನಡ್ಕೊಂಡು ಹೋಗೋರು, ಮಲಗಿರೋ ದನ ಮುಂಚೆಗಿಂತ ಬೇಗ ಕಣ್ಣಿಗೆ ಬೀಳತ್ತೆ. ಎದುರಿಗೆ ಗಾಡಿ ಬಂದಾಗ ಡಿಮ್ ಮಾಡೋಕೆ ಎದೆ ಢವಢವ ಅನ್ನಲ್ಲ. ಹೈಬೀಮ್ ಬಳಸೋದೇ ಕಮ್ಮಿ ಆಗಿದೆ, ಈ ಕಿಟ್ಟಿನ ದೊಡ್ಡ ಲಾಭ ಅದೇ. ಹೈಬೀಮೂ ಸುಧಾರಿಸಿದೆ, ಖಾಲಿ ನೇರ ರೋಡಲ್ಲಿ ದೂರದ ತಿರುವಿನ ಬೋರ್ಡ್ ಮಿಂಚೋದು ಕಾಣತ್ತೆ. ಹಾಗಂತ ಸ್ಪೀಡ್ ಏರಿಸೋಕಾಗಲ್ಲ. 80ರಲ್ಲಿ ಹೋಗ್ತಿದ್ರೆ ಸೆಕೆಂಡಿಗೆ 22 ಮೀಟರ್, ಏನೋ ಇದೆ ಅಂತ ಕಂಡು ಬ್ರೇಕ್ ಮೇಲೆ ಕಾಲು ಹೋಗೋಕೆ ಒಂದೂವರೆ ಸೆಕೆಂಡು, ಅಲ್ಲಿಗೇ 33 ಮೀಟರ್ ಹೋಯ್ತು, ಆಮೇಲೆ ಒಣ ರೋಡಲ್ಲಿ ಒಳ್ಳೇ ಬ್ರೇಕಿದ್ರೂ ನಿಲ್ಲೋಕೆ ಇನ್ನೊಂದು 35. ಒಟ್ಟು 68 ಮೀಟರ್, ಲೋಬೀಮ್ ಅಂಚು ಇರೋದು 65ರಲ್ಲಿ. ಹಾಗಾಗಿ ಲೋಬೀಮಲ್ಲಿ ಎರಡು ಲೇನ್ ರೋಡಲ್ಲಿ ನಾನು 60 ದಾಟಲ್ಲ, ಹಿಂದಿನವನು ಎಷ್ಟು ಹಾರ್ನ್ ಹೊಡೆದ್ರೂ ಸರಿ. ಮಂಡ್ಯ ಕಡೆ ಕಬ್ಬಿನ ಸೀಸನ್ನಲ್ಲಿ ಹಿಂದೆ ಕೆಂಪು ಲೈಟೇ ಇಲ್ಲದ ಟ್ರಾಕ್ಟರ್ ಟ್ರೈಲರ್ ಕತ್ಲಲ್ಲಿ ಹೋಗ್ತಿರ್ತಾವಲ್ಲ, ಅಂಥದ್ದು ಒಂದು ಎದುರಾದ್ರೆ ಈ ಲೆಕ್ಕ ತಾನಾಗೇ ತಲೆಗೆ ಹೋಗತ್ತೆ.

ಹೈಬೀಮ್ ಬಳಸೋದ್ರ ಬಗ್ಗೆ ನಾನು ಪಾಲಿಸೋದು ಹೇಳ್ತೀನಿ, ಹೊಸದೇನಲ್ಲ. ಎದುರು ಗಾಡಿಯ ಬೆಳಕು ತಿರುವಿನ ಮರದ ಮೇಲೆ ಬಿದ್ದಿದ್ದು ಕಂಡ ತಕ್ಷಣ ಡಿಮ್ ಮಾಡ್ತೀನಿ, ಅವನ ಲೈಟು ನೇರ ಕಾಣೋ ತನಕ ಕಾಯಲ್ಲ, ಅಷ್ಟರಲ್ಲಿ ಅವನ ಕಣ್ಣಿಗೆ ಒಂದು ಏಟು ಬಿದ್ದಾಗಿರತ್ತೆ. ಅವನು ಡಿಮ್ ಮಾಡ್ದೇ ಬಂದ್ರೆ ಒಂದೇ ಒಂದು ಸಲ ಡಿಪ್ ಹೊಡೀತೀನಿ (ಹೈಬೀಮ್ ಒಂದು ಕ್ಷಣ ಮಿಂಚಿಸೋದು), ಅದಕ್ಕೂ ಬಗ್ಗಲಿಲ್ಲ ಅಂದ್ರೆ ವೇಗ ಇಳಿಸಿ ಕಣ್ಣನ್ನ ಎಡಗಡೆ ಬಿಳಿ ಪಟ್ಟಿ ಮೇಲಿಟ್ಟು ದಾಟ್ತೀನಿ. ಸೇಡಿಗೆ ನಾನೂ ಹೈಬೀಮ್ ಹಾಕಿದ್ರೆ ಕಣ್ಣು ಕಾಣದ ಡ್ರೈವರ್ ಒಬ್ಬರಿದ್ದಿದ್ದು ಇಬ್ಬರಾಗ್ತಾರೆ, ಅಷ್ಟೇ. ಆ ಬೆಳಕು ಹೋದ್ಮೇಲೂ ಕಣ್ಣು ಸರಿಯಾಗೋಕೆ ಕೆಲವು ಸೆಕೆಂಡು ಬೇಕು, ವಯಸ್ಸಾದವ್ರಿಗೆ ಇನ್ನೂ ಜಾಸ್ತಿ, ನಮ್ಮ ಮಾವ ರಾತ್ರಿ ಸ್ಟಿಯರಿಂಗ್ ಮುಟ್ಟೋದೇ ಬಿಟ್ಟಿದಾರೆ. ಇನ್ನು ಮುಂದಿನ ಗಾಡಿ ಹಿಂದೆ ಹೋಗುವಾಗ ಹೈಬೀಮ್ ಹಾಕೋರು ಬೇರೆ ಜಾತಿ, ಮುಂದಿನವನ ಮೂರೂ ಕನ್ನಡಿಯಲ್ಲಿ ಅದೇ ಬೆಳಕು. ಒಳಗಿನ ಕನ್ನಡಿ ಕೆಳಗೆ ಒಂದು ಸಣ್ಣ ಲಿವರ್ ಇರತ್ತೆ ನೋಡಿ, ಅದನ್ನ ಮಡಚಿದ್ರೆ ಹಿಂದಿನ ಬೆಳಕು ಮಂದ ಆಗತ್ತೆ, ಗಾಡಿ ತಗೊಂಡು ವರ್ಷಗಟ್ಲೆ ಆದ್ರೂ ಅದು ಯಾಕಿದೆ ಅಂತ ಗೊತ್ತಿಲ್ಲದವ್ರನ್ನ ನೋಡಿದೀನಿ. ಹಿಂದಿನ ಸೀಟು ತುಂಬಾ ಜನ, ಡಿಕ್ಕಿ ತುಂಬಾ ಹಲಸಿನಹಣ್ಣು ಹಾಕ್ಕೊಂಡು ಬರುವಾಗ ಗಾಡಿ ಹಿಂದೆ ಕೂತು ಮೂತಿ ಮೇಲೇಳತ್ತೆ, ಲೋಬೀಮೂ ಎದುರಿನವನ ಕಣ್ಣಿಗೇ ಹೋಗತ್ತೆ, ಅದಕ್ಕೇ 0, 1, 2 ಅಂತ ನಂಬರ್ ಇರೋ ನಾಬ್ ಕೊಟ್ಟಿರೋದು, ಲೋಡ್ ಜಾಸ್ತಿ ಆದಷ್ಟೂ ನಂಬರ್ ಏರಿಸಿ.

ಲಾರಿ ಹಿಂದೆ "ಯೂಸ್ ಡಿಪ್ಪರ್ ಅಟ್ ನೈಟ್" ಅಂತ ಬರೆದಿರೋದು ಎಲ್ರೂ ನೋಡಿರ್ತೀರ, 2016ರಲ್ಲಿ ಟಾಟಾ ಮೋಟಾರ್ಸ್‌ನವ್ರು ಲಾರಿ ಡ್ರೈವರ್‌ಗಳಿಗೆ ಅಂತ ಡಿಪ್ಪರ್ ಹೆಸರಿನ ಕಾಂಡೋಮ್ ತಂದಿದ್ದೂ ಇದೇ ಸಾಲಿನ ಮೇಲೆ. ಆ ಸಾಲು ಓದಿ ಓದಿಯೋ ಏನೋ, ಘಾಟಿಯಲ್ಲಿ ಲಾರಿಯವ್ರು ನಮ್ಮ ಕಾರಿನವ್ರಿಗಿಂತ ವಾಸಿ. ಚಾರ್ಮಾಡಿ ತಿರುವುಗಳಲ್ಲಿ ದೂರದಿಂದಲೇ ಡಿಪ್ ಹೊಡೆದು ಬರ್ತಿದೀನಿ ಅಂತ ತಿಳಿಸ್ತಾರೆ, ಹತ್ರ ಬಂದಾಗ ಇಳಿಸ್ತಾರೆ. ಹತ್ತೋ ಗಾಡಿಗೆ ದಾರಿ ಬಿಡ್ಬೇಕು ಅನ್ನೋ ರೂಲ್ ನೆನಪಿಟ್ಕೊಂಡಿರೋದೂ ಅವ್ರೇ. ಕೊಟ್ಟಿಗೆಹಾರದಲ್ಲಿ ಮಂಜು ಕವಿದ್ರೆ ಮಾತ್ರ ಹೈಬೀಮ್ ಮುಟ್ಲೇಬೇಡಿ, ಎದುರಿಗೆ ಬಿಳಿ ಪರದೆ ಎದ್ದು ನಿಲ್ಲತ್ತೆ, ಬೆಳಕೆಲ್ಲಾ ಹನಿಗೆ ಬಡಿದು ವಾಪಸ್ ನಮ್ಮ ಕಣ್ಣಿಗೇ. ಲೋಬೀಮ್, ಫಾಗ್ ಲ್ಯಾಂಪ್ ಇದ್ರೆ ಅದು, ನಿಧಾನ. ಅಲ್ಲಿ ಹಳದಿ ಹ್ಯಾಲೋಜನ್ನೇ ನನ್ನ ಕಣ್ಣಿಗೆ ಹಿತ ಅನ್ಸತ್ತೆ, ಭಾವನ ಬಿಳಿ ಲೈಟಲ್ಲಿ ಅದೇ ಜಾಗದಲ್ಲಿ ಅವ್ರೇ ಗಾಡಿ ಸೈಡಿಗೆ ಹಾಕಿದ್ರು, ಕೇಳಿದ್ರೆ ಟೀ ಕುಡಿಯೋಕೆ ಅಂದ್ರು.

ಕಿಟ್ಟಿನ ಕೊರತೆಗಳೂ ಇವೆ. ವೈರು ಬೇಕಾದ್ದಕ್ಕಿಂತ ಉದ್ದ, ಚಿಕ್ಕ ಗಾಡಿಯಲ್ಲಿ ಮಡಚಿ ಟೈ ಹಾಕಿ ರೇಡಿಯೇಟರ್ ಫ್ಯಾನಿಂದ ದೂರ ಕಟ್ಬೇಕು, ಇದನ್ನ ನೀವೇ ನಿಂತು ನೋಡಿ. ಫ್ಯೂಸ್ ಹೋಲ್ಡರ್ ಮುಚ್ಚಳ ಸಡಿಲ, ನೀರು ಹೋಗೋ ಚಾನ್ಸ್ ಇದೆ. ವೋಲ್ಟೇಜ್ ಪೂರ್ತಿ ಸಿಗೋದ್ರಿಂದ ಬಲ್ಬಿನ ಆಯಸ್ಸು ಸ್ವಲ್ಪ ಕಮ್ಮಿ ಆಗತ್ತೆ, ಅದಕ್ಕೆ ಡ್ಯಾಶ್‌ಬೋರ್ಡಲ್ಲಿ ಒಂದು ಬಲ್ಬ್ ಸ್ಪೇರ್ ಇಟ್ಟಿದೀನಿ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಸ್ವಿಚ್ಚು ನೆಗೆಟಿವ್ ಕಡೆ ಇರತ್ತೆ, ಅಂಥದ್ರಲ್ಲಿ ಸಾಮಾನ್ಯ ಕಿಟ್ ಹಾಕಿದ್ರೆ ಹೈಬೀಮ್ ಇಂಡಿಕೇಟರ್ ತಪ್ಪು ತೋರಿಸಬಹುದು ಇಲ್ಲಾ ರಿಲೇ ಸರಿಯಾಗಿ ಕೆಲಸ ಮಾಡದೇ ಇರಬಹುದು, ತಗೊಳ್ಳೋ ಮುಂಚೆ ನಿಮ್ಮ ಮಾಡೆಲ್ ಹೇಳಿ ಕೇಳಿ. ವಾರಂಟಿ ಇರೋ ಗಾಡಿಯಾದ್ರೆ ಸರ್ವಿಸ್ ಸೆಂಟರಲ್ಲಿ ವಿಚಾರಿಸದೆ ಕೈ ಹಾಕ್ಬೇಡಿ.

ಹೆಡ್‌ಲೈಟ್ ಕವರೇ ಹಳದಿ ಆಗಿ ಮಬ್ಬಾಗಿದ್ರೆ ಕಿಟ್ ಹಾಕಿ ಏನೂ ಉಪಯೋಗ ಇಲ್ಲ, ಮೊದ್ಲು ಅದನ್ನ ವಾಟರ್ ಪೇಪರ್ ಹೊಡೆದು ಪಾಲಿಶ್ ಮಾಡ್ಸಿ, ಮೇಲೆ ಯುವಿ ಕೋಟಿಂಗ್ ಹಾಕ್ಸಿ, ಇಲ್ಲಾಂದ್ರೆ ಬಿಸಿಲಿಗೆ ಬೇಗ ಮತ್ತೆ ಹಳದಿ ಆಗತ್ತೆ. ಟೂತ್‌ಪೇಸ್ಟ್ ಉಜ್ಜೋದು ಸ್ವಲ್ಪ ದಿನದ ಮಟ್ಟಿಗೆ ಮಾತ್ರ. ಮುಂದಿನ ಗಾಜಿನ ಒಳಗಡೆನೂ ಒಂದ್ಸಲ ಒರೆಸಿ, ಅಲ್ಲಿ ಕೂತಿರೋ ಜಿಡ್ಡಿನ ಪದರದಿಂದಲೇ ಎದುರಿನ ಲೈಟು ಇನ್ನೂ ಹರಡಿ ಕಾಣೋದು.

ಪ್ರೊಜೆಕ್ಟರ್ (ಹೆಡ್‌ಲೈಟ್ ಒಳಗೆ ಗುಂಡು ಲೆನ್ಸ್) ಇರೋ ಗಾಡಿಯವ್ರು, ಎಚ್7 ಬಲ್ಬಿನವ್ರು (ಒಂದೇ ತಂತಿ ಇರೋ ಬೇರೆ ನಮೂನೆ) ಇದನ್ನ ತಗೋಬೇಡಿ, ಇದು ಎಚ್4 ಮಾತ್ರ. ನಿಮ್ಮದು ಹಳೇ ಆಲ್ಟೋ, ವ್ಯಾಗನ್ ಆರ್ ಥರದ್ದಾದ್ರೆ ಧಾರಾಳವಾಗಿ ಹಾಕ್ಸಿ, ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಕಟ್ ಮಾಡಿದ್ದು ಆ ಫ್ಯೂಸ್ ಹೋಲ್ಡರಿಗೆ. ಅಂಗಡಿಗೆ ಎರಡೂವರೆ. ವಾಟರ್ ವಾಷಿಗೆ ಬಿಟ್ಟಾಗ ಬಾನೆಟ್ ಒಳಗೆ ಪ್ರೆಷರ್ ಹೊಡೀಬೇಡಿ ಅಂತ ಹೇಳಿ, ಹೇಳಿದ್ರೂ ಹೊಡೀತಾರೆ, ಅದಕ್ಕೆ ಫ್ಯೂಸ್ ಹೋಲ್ಡರಿಗೆ ಮೊದಲೇ ಒಂದು ಸುತ್ತು ಟೇಪ್ ಸುತ್ತಿಡಿ, ಬಾಯಿ ಕೆಳಮುಖ ಇರೋ ಹಂಗೆ ಕಟ್ಟಿ.